ಶ್ರುತಿಯ ನಡುವಿನ ‘ಚಟ್’ ಹೋಗಿದ್ದು ಹೀಗೆ

ಲ್ಯಾಪ್‌ಟಾಪ್‌ನಲ್ಲಿ ಸಂಗೀತ ರೆಕಾರ್ಡ್ ಮಾಡುವಾಗ ನಡುನಡುವೆ ಬರುತ್ತಿದ್ದ ಒಂದು ಸದ್ದಿನ ಜೊತೆ ಎಂಟು ತಿಂಗಳು ಗುದ್ದಾಡಿದ್ದೇನೆ. ಮೃದಂಗ ಇದ್ದರೆ ಅದರಲ್ಲಿ ಮುಚ್ಚಿಹೋಗುತ್ತಿತ್ತು. ಆಲಾಪನೆಯಲ್ಲಿ ಬರೀ ತಂಬೂರಿ ಇದ್ದಾಗ ‘ಚಟ್’ ಅಂತ ಎದ್ದು ಕೇಳುತ್ತಿತ್ತು.

ದುಡ್ಡು ಸುರಿದೆ. ಕೇಬಲ್ ಬದಲಿಸಿದೆ. ಸುಮಾರು 14 ಸಾವಿರ ಕೊಟ್ಟು ಮೈಕ್ ಸದ್ದನ್ನು ಕಂಪ್ಯೂಟರಿಗೆ ಸೇರಿಸುವ ಹೊಸ ಆಡಿಯೋ ಇಂಟರ್‌ಫೇಸ್ ತಂದೆ. ರ್‍ಯಾಮ್‌ಗೆ ಮತ್ತೆ ನಾಲ್ಕು ಸಾವಿರ. ಚಟ್ ಹಾಗೇ ಇತ್ತು. ರಿಪೇರಿ ಅಂಗಡಿಯವರು ‘ಮದರ್‌ಬೋರ್ಡ್ ಹೋಗಿದೆ ಸಾರ್’ ಅಂತ 22 ಸಾವಿರ ಹೇಳಿದರು. ಪುಣ್ಯಕ್ಕೆ ಒಪ್ಪಲಿಲ್ಲ.

ಯಾವ ಡ್ರೈವರ್ (ಬಿಡಿಭಾಗಗಳನ್ನು ನಡೆಸುವ ಪ್ರೋಗ್ರಾಂ) ತಡ ಮಾಡುತ್ತಿದೆ ಅಂತ ತೋರಿಸುವ ಲೇಟೆನ್ಸಿಮಾನ್ ಹಾಕಿದಾಗ ಮೊದಲು ಸಿಕ್ಕಿದ್ದು ವಿಂಡೋಸ್‌ನ ನೆಟ್‌ವರ್ಕ್ ಭಾಗವಾದ ಎನ್‌ಡಿಐಎಸ್. ವೈಫೈ ಡಿಸೇಬಲ್ ಮಾಡಿದೆ, ಸದ್ದು ಅರ್ಧಕ್ಕೆ ಇಳಿಯಿತು. ಸುಮಾರು ಜನ ಇಲ್ಲಿಗೇ ನಿಲ್ಲಿಸುತ್ತಾರೆ. ನಾನೂ ಎರಡು ತಿಂಗಳು ನಿಲ್ಲಿಸಿದ್ದೆ, ಅದೇ ತಪ್ಪಾಗಿದ್ದು.

ಒಂದು ರಾತ್ರಿ ಮೈಕ್ ಮುಂದೆ ಶ್ರುತಿಪೆಟ್ಟಿಗೆ ಒಂದೇ ಇಟ್ಟು ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿದೆ. ವೇವ್‌ಫಾರ್ಮ್ ಹಿಗ್ಗಿಸಿದರೆ, ನಯವಾದ ಗೆರೆಯ ನಡುವೆ ಕತ್ತರಿ ಆಡಿಸಿದ ಹಾಗೆ ನೇರ ಮೆಟ್ಟಿಲು. ಮುಂದಿನ ಮೆಟ್ಟಿಲು ಹೆಚ್ಚುಕಮ್ಮಿ 15 ಸೆಕೆಂಡಿಗೆ. ಅದರ ಮುಂದಿನದೂ ಅಷ್ಟೇ. ನೆಟ್‌ವರ್ಕ್ ಕಾಟ ಇಷ್ಟು ಲೆಕ್ಕವಾಗಿ ಬರಲ್ಲ, ಅಲ್ವಾ? ಒಳಗೆ ಯಾವುದೋ ಡ್ರೈವರ್ ಹೊತ್ತುಹೊತ್ತಿಗೆ ಏನನ್ನೋ ವಿಚಾರಿಸುತ್ತಿದೆ ಅನ್ನಿಸಿತು.

ಮತ್ತೆ ಡ್ರೈವರ್ ಪಟ್ಟಿ ತೆಗೆದೆ. ಪವರ್, ಬ್ಯಾಟರಿ ನೋಡಿಕೊಳ್ಳುವ ಎಸಿಪಿಐ, ನಾಲ್ಕು ಸಾವಿರ ಮೈಕ್ರೋಸೆಕೆಂಡ್ ಆಸುಪಾಸು! ಡಿಪಿಸಿ (ಡ್ರೈವರ್ ಸ್ವಲ್ಪ ಮುಂದೂಡಿ ಮಾಡುವ ತುರ್ತು ಕೆಲಸ) 100 ಮೈಕ್ರೋಸೆಕೆಂಡ್ ದಾಟಬಾರದು ಅಂತ ಡ್ರೈವರ್ ಬರೆಯುವವರಿಗೆ ಮೈಕ್ರೋಸಾಫ್ಟೇ ಹೇಳುತ್ತದೆ. ನನ್ನ ಬಫರ್, ಅಂದರೆ ಸದ್ದನ್ನು ಒಮ್ಮೆಗೆ ಕೂಡಿಟ್ಟು ಕಳಿಸುವ ತುಣುಕು, 48 ಕಿಲೋಹರ್ಟ್ಜ್‌ನಲ್ಲಿ 128 ಸ್ಯಾಂಪಲ್, ಅಂದರೆ ಸುಮಾರು 2.7 ಮಿಲಿಸೆಕೆಂಡ್. ಅದರಲ್ಲಿ ನಾಲ್ಕು ಮಿಲಿಸೆಕೆಂಡ್ ತಡ ಎಲ್ಲಿ ಹಿಡಿಸುತ್ತದೆ?

ಹೊತ್ತುಹೊತ್ತಿಗೆ ವಿಚಾರಿಸುವುದು ಬ್ಯಾಟರಿಯನ್ನೇ ಇರಬೇಕು ಅಂತ ಗೆಳೆಯನಿಗೆ ಹೇಳಿದೆ. ‘ಬ್ಯಾಟರಿಗೂ ಸದ್ದಿಗೂ ಏನೋ ಸಂಬಂಧ? ಸುಮ್ನೆ ಹೊಸ ಲ್ಯಾಪ್‌ಟಾಪ್ ತಗೋ’ ಅಂದ. ಡಿವೈಸ್ ಮ್ಯಾನೇಜರ್‌ನಲ್ಲಿ ಎಸಿಪಿಐ ಕಂಟ್ರೋಲ್ ಮೆಥಡ್ ಬ್ಯಾಟರಿ ಡಿಸೇಬಲ್ ಮಾಡಿದೆ. ಮತ್ತೆ ಇಪ್ಪತ್ತು ನಿಮಿಷ ಶ್ರುತಿಪೆಟ್ಟಿಗೆ. ಒಂದೂ ಮೆಟ್ಟಿಲಿಲ್ಲ. ಹೆಡ್‌ಫೋನ್ ಹಾಕಿಕೊಂಡು ಪೂರ್ತಿ ಕೇಳಿದೆ, ಬೆಳಗಿನ ಮೂರು ಗಂಟೆಯಾಗಿತ್ತು.

ಒಂದು ಎಚ್ಚರ. ಹೀಗೆ ಮಾಡಿದರೆ ಬ್ಯಾಟರಿ ಎಷ್ಟಿದೆ ಅಂತ ವಿಂಡೋಸ್‌ಗೆ ಗೊತ್ತಾಗಲ್ಲ. ಒಮ್ಮೆ ಕರೆಂಟ್ ಹೋಗಿ, ಯಾವ ಸೂಚನೆಯೂ ಇಲ್ಲದೆ ಟೇಕ್ ಮಧ್ಯದಲ್ಲೇ ಲ್ಯಾಪ್‌ಟಾಪ್ ಆಫ್ ಆಯಿತು. ಆಮೇಲೆ ಯುಪಿಎಸ್ ಹಾಕಿಸಿದೆ. ರೆಕಾರ್ಡಿಂಗ್ ಮುಗಿದ ಮೇಲೆ ಬ್ಯಾಟರಿಯನ್ನು ವಾಪಸ್ ಎನೇಬಲ್ ಮಾಡುತ್ತೇನೆ.

ನಡುವೆ ಲಿನಕ್ಸ್ ಕೂಡ ಹಾಕಿ ನೋಡಿದ್ದೆ, ಸಾಧನಗಳ ತುರ್ತು ಕರೆಗಳಿಗಿಂತ ಸದ್ದಿಗೆ ಆದ್ಯತೆ ಕೊಡಲು ಬಿಡುವ ಥ್ರೆಡ್‌ಐಆರ್‌ಕ್ಯೂ ಆಪ್ಷನ್ ಕೊಟ್ಟು. ಸದ್ದು ತುಂಬಾ ಕಮ್ಮಿಯಾಯಿತು. ಆದರೆ ನನ್ನ ಅರ್ಧ ಪ್ಲಗಿನ್‌ಗಳು ಅಲ್ಲಿ ಓಡಲಿಲ್ಲ, ಬಿಟ್ಟೆ. ಬಯೋಸ್‌ನಲ್ಲಿ ಸಿ-ಸ್ಟೇಟ್ (ಕೆಲಸವಿಲ್ಲದಾಗ ಪ್ರೊಸೆಸರ್ ಮಲಗುವುದು) ಆಫ್ ಮಾಡಿದ್ದೇನೆ. ಅದರ ಜೊತೆ ಇನ್ನೊಂದು ಸೆಟ್ಟಿಂಗ್ ಬದಲಿಸಿದ್ದೇನೆ. ಅದನ್ನು ಇಲ್ಲಿ ಬರೆಯಲ್ಲ, ಅಷ್ಟು ಕಷ್ಟಪಟ್ಟು ಕಂಡುಕೊಂಡಿದ್ದು.

ಈಗ 64 ಸ್ಯಾಂಪಲ್ ಬಫರ್‌ನಲ್ಲೂ ಒಂದೂವರೆ ಗಂಟೆ ಶುದ್ಧವಾಗಿ ಹೋಗುತ್ತದೆ. ಮೊನ್ನೆ ಅದೇ ಗೆಳೆಯ ತನ್ನ ಲ್ಯಾಪ್‌ಟಾಪ್ ತಂದಿಟ್ಟು ಹೋಗಿದ್ದಾನೆ. ಅವನದರಲ್ಲಿ ಕಾಟ ಕೊಡುತ್ತಿರುವುದು ಗ್ರಾಫಿಕ್ಸ್ ಡ್ರೈವರ್.