ಅಟ್ಟದಲ್ಲಿ ಸಿಕ್ಕ ವಸ್ತುವಿಗೆ ಹೆಸರು ಹುಡುಕುವುದು ಹೇಗೆ?

ಬಸವನಗುಡಿಯ ನಮ್ಮ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಒಂದು ಮರದ ವಸ್ತು ಸಿಕ್ಕಿತು. ಮುಷ್ಟಿಯೊಳಗೆ ಕೂರುವಷ್ಟು ಪುಟ್ಟ ಬಟ್ಟಲು, ಅದರ ನಡುವೆ ಒಂದು ಮೋಟು ಗೂಟ. ಕೇಳೋಣ ಅಂದರೆ ಮನೆಯಲ್ಲಿ ಹಿರಿಯರು ಉಳಿದಿಲ್ಲ. ಆನ್‌ಲೈನ್‌ನಲ್ಲಿ ಗುರುತು ಪರಿಚಯವಿಲ್ಲದವರನ್ನು ಕೇಳಿದೆ. ಉತ್ತರ ಸಿಕ್ಕಿತು, ಆದರೆ ಎರಡನೇ ಸಲಕ್ಕೆ. ನಿಮಗೆ ಮೊದಲ ಸಲವೇ ಸಿಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲ ಕೆಲಸ, ತೊಳೆಯದೆ ಇರುವುದು. ಹಿತ್ತಾಳೆ ಕಂಡ ಕೂಡಲೇ ಹುಣಸೆಹಣ್ಣು ಹಚ್ಚಲು ಕೈ ತುರಿಸುತ್ತದೆ, ಅಲ್ವಾ? ತಡೆಯಿರಿ. ಅಂಟಿದ ಎಣ್ಣೆ, ಮಸಿ, ಸುಣ್ಣ ಎಲ್ಲವೂ ಸುಳಿವೇ. ಗುಂಡು, ಮದ್ದಿನ ಹಾಗೆ ಕಂಡರೆ ಮಾತ್ರ ಮುಟ್ಟಲೇಬೇಡಿ. ದೂರ ಸರಿದು 112ಕ್ಕೆ ಫೋನ್ ಮಾಡಿ.

ಆಮೇಲೆ ಫೋಟೊ. ಕಿಟಕಿ ಬೆಳಕಿನಲ್ಲಿ, ಪಕ್ಕದಲ್ಲಿ ಸ್ಕೇಲ್ ಇಟ್ಟು ತೆಗೆಯಿರಿ. ಹತ್ತು ರೂಪಾಯಿ ನಾಣ್ಯವೂ ಆಗುತ್ತದೆ, ಅದರ ಅಗಲ 27 ಮಿಲಿಮೀಟರ್. ಮೇಲೆ, ಕೆಳಗೆ, ಒಳಗೆ ಎಲ್ಲವೂ ಕಾಣಲಿ. ಎಲ್ಲಕ್ಕಿಂತ ಜಾಸ್ತಿ ಮುಖ್ಯವಾದದ್ದು ಸವೆದ ಜಾಗ. ಕೈ ಎಲ್ಲಿ ಹಿಡಿದಿತ್ತು, ಯಾವ ತುದಿ ಏನನ್ನು ತಾಗುತ್ತಿತ್ತು ಅಂತ ಸವೆತವೇ ಹೇಳುತ್ತದೆ. ನನ್ನ ಮೊದಲ ಫೋಟೊದಲ್ಲಿ ಬಟ್ಟಲಿನ ಬೆನ್ನು ಮಾತ್ರ ಇತ್ತು.

ಅಕ್ಷರ ಮಸುಕಾಗಿದ್ದರೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ನೋಡಿ. ತೂಕದ ಬೊಟ್ಟಿನ ಮೇಲೆ ಸೇರು, ಛಟಾಕು ಅಂತಿದ್ದರೆ ಅದೂ ಕಾಲದ ಗುರುತು. ಕಿಲೋ, ಗ್ರಾಂ ನಮ್ಮಲ್ಲಿ ಹಂತ ಹಂತವಾಗಿ ಬಂದದ್ದು 1958ರಿಂದ. ಆಯಸ್ಕಾಂತ ಅಂಟುತ್ತದೋ ಇಲ್ಲವೋ, ತೂಕ ಎಷ್ಟು, ಅಡುಗೆಮನೆಯಲ್ಲಿ ಸಿಕ್ಕಿತೋ, ಭಾನುವಾರದ ಸಂತೆಯಲ್ಲಿ ಕೊಂಡದ್ದೋ, ಇವನ್ನೂ ಬರೆಯಿರಿ.

ಪ್ರಶ್ನೆ ಕೇಳುವಾಗ ನಿಮ್ಮ ಊಹೆ ಸೇರಿಸಬೇಡಿ. "ಇದು ಹಳೇ ಮೊಹರಾ?" ಅಂತ ಕೇಳಿದ್ದೆ. ಬಂದವರೆಲ್ಲ ಮೊಹರಿನ ಬಗ್ಗೆಯೇ ಮಾತಾಡಿದರು. ಎರಡನೇ ಸಲ "ಇದೇನು?" ಅಂತಷ್ಟೇ ಕೇಳಿ, ಗೂಟದ ತುದಿ ನುಣ್ಣಗೆ ಸವೆದಿರುವುದನ್ನು ತೋರಿಸಿದೆ. ಒಬ್ಬರು ಕೂಡಲೇ ಬರೆದರು: ಗೋಲಿಸೋಡಾ ಓಪನರ್! ಗೋಲಿಸೋಡಾ ಬಾಟಲಿ 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಪೇಟೆಂಟ್ ಪಡೆದದ್ದು. ಒಳಗಿನ ಗ್ಯಾಸ್ ಗೋಲಿಯನ್ನು ಬಾಯಿಯ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ. ಗೂಟದಿಂದ ಅದುಮಿದರೆ ಗೋಲಿ ಕೆಳಗಿಳಿಯುತ್ತದೆ.

ಮನೆ ವಿಳಾಸ, ಫೋನ್ ನಂಬರ್ ಹಾಕಬೇಡಿ. ಫೋಟೊದಲ್ಲಿ ಲೊಕೇಶನ್ ಇದ್ದರೆ ತೆಗೆಯಿರಿ. "ನನಗೇ ಮಾರಿ" ಅಂತ ಇನ್‌ಬಾಕ್ಸಿಗೆ ಬಂದವರಿಗೆ ಅವಸರದಲ್ಲಿ ಹೂಂ ಅನ್ನಬೇಡಿ. ನೂರು ವರ್ಷ ದಾಟಿದ ಕಲಾಕೃತಿ, ನಾಣ್ಯಗಳಂಥ ವಸ್ತುಗಳಿಗೆ 1972ರ ಪುರಾತನ ವಸ್ತುಗಳ ಕಾಯ್ದೆ ಅನ್ವಯಿಸುತ್ತದೆ.

ಉತ್ತರ ಬಂತು ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ. ಅಂಥದ್ದೇ ವಸ್ತುವಿನ ಫೋಟೊ ಕೇಳಿ, ಅಳತೆ ಹೋಲಿಸಿ. ಸಾಧ್ಯವಾದರೆ ಬಳಸಿಯೇ ನೋಡಿ. ನಾನು ಅದನ್ನು ಜೇಬಿನಲ್ಲಿಟ್ಟುಕೊಂಡು ಒಂದು ಸೋಡಾ ಗಾಡಿ ಹುಡುಕಿಕೊಂಡು ಹೋದೆ. ಬಾಟಲಿಯ ಬಾಯಿಗೆ ಬಟ್ಟಲು ಸರಿಯಾಗಿ ಕೂತಿತು. ಅಂಗೈಯಿಂದ ಅದುಮಿದೆ. ಕೀಂಯ್ ಅಂತ ಸದ್ದು ಬಂತು, ನೊರೆ ಮೊಣಕೈವರೆಗೂ ಹರಿಯಿತು. ಆ ಫೋಟೊವನ್ನೂ ಉತ್ತರ ಕೊಟ್ಟವರಿಗೆ ಕಳಿಸಿದೆ.