ಎಪ್ಸಮ್ ಸಾಲ್ಟ್‌ನಿಂದ ಸೂಜಿ ಹರಳು

ಕಾಳುಮೆಣಸಿನ, ಕಿತ್ತಳೆಯ ಎಲೆ ಹಳದಿಯಾದಾಗ ಸಿಂಪಡಿಸಲು ತಂದ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಂ ಸಲ್ಫೇಟ್) ಕೊಡಗಿನ ಎಷ್ಟೋ ತೋಟಗಳ ಶೆಡ್ಡಿನಲ್ಲಿ ಅರ್ಧ ಉಳಿದಿರುತ್ತದೆ. ಅದರಿಂದ ಮನೆಯಲ್ಲೇ ಒಂದು ಖನಿಜ ಮಾಡಬಹುದು. ಹೆಸರು ನೆಸ್ಕ್ವೆಹೊನೈಟ್. ಪೆನ್ಸಿಲ್ವೇನಿಯಾದ ನೆಸ್ಕ್ವೆಹೊನಿಂಗ್‌ನ ಕಲ್ಲಿದ್ದಲು ಗಣಿಯಲ್ಲಿ ಸಿಕ್ಕಿದ್ದಕ್ಕೆ ಆ ಹೆಸರು. ಇದು ನೀರನ್ನು ಒಳಗಿಟ್ಟುಕೊಂಡ ಮೆಗ್ನೀಸಿಯಂ ಕಾರ್ಬೊನೇಟ್. ತೂಕದಲ್ಲಿ ಶೇ 39ರಷ್ಟು ನೀರೇ!

25 ಗ್ರಾಂ ಎಪ್ಸಮ್ ಸಾಲ್ಟನ್ನು ಕಾಲು ಲೀಟರ್ ಶುದ್ಧ ನೀರಿನಲ್ಲಿ ಕರಗಿಸಿ. ಇನ್ನೊಂದು ಗಾಜಿನ ಪಾತ್ರೆಯಲ್ಲಿ ಅಷ್ಟೇ ನೀರಿಗೆ 11 ಗ್ರಾಂ ವಾಷಿಂಗ್ ಸೋಡಾ (ಸೋಡಿಯಂ ಕಾರ್ಬೊನೇಟ್) ಪುಡಿ ಹಾಕಿ. ಸೋಡಾ ಹರಳಿನ ರೂಪದಲ್ಲಿದ್ದರೆ 29 ಗ್ರಾಂ ಬೇಕು, ಅದರಲ್ಲೂ ನೀರಿದೆಯಲ್ಲ. ಬಟ್ಟೆ ತೊಳೆಯುವ ಪೌಡರ್ ಬೇಡ. ಸೋಡಾ ಕಣ್ಣಿಗೆ, ಚರ್ಮಕ್ಕೆ ಉರಿ ತರುತ್ತದೆ. ಗ್ಲೌಸ್ ಹಾಕಿಕೊಳ್ಳಿ, ಮಕ್ಕಳು ಮಾಡುವುದಾದರೆ ಪಕ್ಕದಲ್ಲಿರಿ.

ಎರಡೂ ತಣ್ಣಗಿರುವಾಗ ನಿಧಾನವಾಗಿ ಸೇರಿಸಿ. ತಕ್ಷಣ ಗಂಜಿಯಂಥ ಬಿಳಿ ಮುದ್ದೆ ಬರುತ್ತದೆ. ಇದಕ್ಕಿನ್ನೂ ಹರಳಿನ ರೂಪವಿಲ್ಲ. ಕಲಕದೆ ಒಂದು ದಿನ ಬಿಡಿ. ಮುದ್ದೆ ಕುಗ್ಗಿ ತಳದಲ್ಲಿ ಪುಡಿ ಕೂರುತ್ತದೆ. ಭೂತಗನ್ನಡಿ ಹಿಡಿದರೆ ಸಣ್ಣ ಸೂಜಿಗಳು ಕಾಣಬಹುದು. ದೊಡ್ಡ ಸೂಜಿ ಬೇಕೆಂದರೆ ವಾಷಿಂಗ್ ಸೋಡಾ ಬದಲು 17 ಗ್ರಾಂ ಅಡುಗೆ ಸೋಡಾ ಹಾಕಿ, ಪಾತ್ರೆಯ ಬಾಯಿ ತೆರೆದೇ ಇಡಿ. ಕಾರ್ಬನ್ ಡೈಆಕ್ಸೈಡ್ ಹೊರಹೋದಂತೆ ಹರಳು ನಿಧಾನವಾಗಿ ಬೆಳೆಯುತ್ತದೆ. ನನಗೆ ಈ ಎರಡನೇ ದಾರಿಯೇ ಇಷ್ಟ. ತಾಳ್ಮೆ ಮಾತ್ರ ಜಾಸ್ತಿ ಬೇಕು.

ಈಗ ಬಟ್ಟೆಯಲ್ಲಿ ಸೋಸಿ, ಸ್ವಲ್ಪ ತಣ್ಣೀರಿನಲ್ಲಿ ತೊಳೆಯಿರಿ. ಜಾಸ್ತಿ ತೊಳೆದರೆ ಹರಳೂ ಒಂದಿಷ್ಟು ಕರಗಿ ಹೋಗುತ್ತದೆ.

ಒಣಗಿಸುವುದರಲ್ಲೇ ಎಡವುವುದು. ಮಳೆಗಾಲದ ಮಡಿಕೇರಿಯಲ್ಲಿ ಏನೂ ಒಣಗುವುದಿಲ್ಲ, ಒಲೆ ಪಕ್ಕ ಇಟ್ಟರಾಯಿತು ಅಂತ ಅನ್ನಿಸುತ್ತದೆ ಅಲ್ವಾ? ಇಡಬೇಡಿ. ಕಣದಲ್ಲಿ ಹರಡಿದ ಕಾಫಿಯ ಮೇಲು ಒಣಗಿದರೂ ಒಳಗೆ ತೇವ ಇರುವ ಹಾಗೆ, ಇಲ್ಲೂ ಎರಡು ಬಗೆಯ ನೀರಿದೆ. ಹೊರಗಿನದು ಹೋಗಬೇಕು, ಹರಳಿನೊಳಗಿನದು ಉಳಿಯಬೇಕು. ಪೇಪರ್ ಮೇಲೆ ಹರಡಿ, ನೆರಳಿನಲ್ಲಿ ಫ್ಯಾನ್ ಹಾಕಿದರೆ ಸಾಕು.

ಒದ್ದೆ ಪುಡಿಯನ್ನು ನೀರಿನಲ್ಲಿ 50 ಡಿಗ್ರಿಗಿಂತ ಜಾಸ್ತಿ ಬಿಸಿ ಮಾಡುತ್ತಾ ಹೋದರೆ ಅದು ಹೈಡ್ರೋಮ್ಯಾಗ್ನೆಸೈಟ್ ಎಂಬ ಬೇರೆ ಖನಿಜ ಆಗುತ್ತದೆ. ಸೂಜಿಗಳು ಹೋಗಿ ತೆಳು ಪದರಗಳ ಹಗುರ ಪುಡಿ ಉಳಿಯುತ್ತದೆ. ಬೇಕೆಂದೇ ಒಂದು ಚಮಚ ಹೀಗೆ ಮಾಡಿ ನೋಡಿ, ಹೋಲಿಸಲು ಚೆನ್ನಾಗಿರುತ್ತದೆ. ಟರ್ಕಿಯ ಸಾಲ್ಡಾ ಸರೋವರದ ಬಿಳಿ ದಡಗಳು ಇದರವೇ. ಬೆಂಕಿ ತಡೆಯುವ ಪ್ಲಾಸ್ಟಿಕ್‌ಗೂ ಇದನ್ನು ಸೇರಿಸುತ್ತಾರೆ. ಕಾದಾಗ ನೀರು, ಕಾರ್ಬನ್ ಡೈಆಕ್ಸೈಡ್ ಬಿಟ್ಟು ಶಾಖ ಹೀರುತ್ತದೆ.

ಚಳಿಯಲ್ಲಿ ಇನ್ನೊಂದು ಆಟ. ಅದೇ ದ್ರಾವಣಗಳನ್ನು 10 ಡಿಗ್ರಿಗಿಂತ ಕೆಳಗೆ ಇಟ್ಟರೆ ಲ್ಯಾನ್ಸ್‌ಫೋರ್ಡೈಟ್ ಎಂಬ ಇನ್ನೊಂದು ಖನಿಜ ಬರುತ್ತದೆ. ಅದರಲ್ಲಿ ನೀರು ಅರ್ಧಕ್ಕಿಂತ ಜಾಸ್ತಿ. ಮಡಿಕೇರಿಯ ಡಿಸೆಂಬರ್ ಚಳಿ ನಂಬಿ ಕೂರಬೇಡಿ, ಫ್ರಿಜ್ ಬೇಕು. ಹೊರಗಿಟ್ಟರೆ ನೀರು ಬಿಟ್ಟುಕೊಂಡು ಮತ್ತೆ ನೆಸ್ಕ್ವೆಹೊನೈಟ್ ಆಗುತ್ತದೆ. ನೀರೇ ಇಲ್ಲದ ಮ್ಯಾಗ್ನೆಸೈಟ್ ಮಾತ್ರ ಹೀಗೆ ಮನೆಯಲ್ಲಿ ಬರುವುದಿಲ್ಲ. ಮೆಗ್ನೀಸಿಯಂ ನೀರನ್ನು ಅಷ್ಟು ಗಟ್ಟಿಯಾಗಿ ಹಿಡಿದಿರುತ್ತದೆ.

ಒಣಗಿದ ಚಿಟಿಕೆ ಪುಡಿಗೆ ವಿನೆಗರ್ ಬಿಡಿ. ನೊರೆ ಬಂದು ಕರಗಿದರೆ ಕಾರ್ಬೊನೇಟ್ ಎಂದು ಗೊತ್ತಾಗುತ್ತದೆ, ಯಾವ ಖನಿಜ ಎಂದಲ್ಲ. ಸೋಸಿದ ನೀರನ್ನು ಮೆಣಸಿನ ಬಳ್ಳಿಗೆ ಸುರಿಯಬೇಡಿ, ಅದರಲ್ಲಿ ಸೋಡಿಯಂ ಇದೆ. ಬಚ್ಚಲಿಗೆ ಚೆಲ್ಲಿ.