ಆರನೇ ಬಟ್ಟಲೂ ನೀಲಿಯಾಗಲಿಲ್ಲ

2002ರ ಮೇ ತಿಂಗಳು. ಪಾಕಿಸ್ತಾನದ ಗಡಿಗೆ ಸೇನೆಯನ್ನು ಕಳಿಸಿದ್ದ ಆಪರೇಷನ್ ಪರಾಕ್ರಮ್‌ನಲ್ಲಿ ನಮ್ಮ ಬೆಟಾಲಿಯನ್ ರಾಜಸ್ಥಾನದ ಬಾಡ್ಮೇರ್ ಕಡೆಯ ಮರಳಿನಲ್ಲಿ ಟೆಂಟ್ ಹಾಕಿಕೊಂಡಿತ್ತು. ನಾನು ನರ್ಸಿಂಗ್ ಅಸಿಸ್ಟೆಂಟ್.

ಒಂದು ಬೆಳಗ್ಗೆ ಎಂ.ಐ. ರೂಮಿಗೆ, ಅಂದರೆ ನಮ್ಮ ಚಿಕಿತ್ಸೆಯ ಟೆಂಟಿಗೆ, ಭೇದಿ ಅಂತ ನಾಲ್ಕು ಜವಾನರು ಬಂದರು. ಮಧ್ಯಾಹ್ನಕ್ಕೆ ಒಂಬತ್ತಾಯ್ತು. ಆ ಬಿಸಿಲಲ್ಲಿ ಭೇದಿ ಹತ್ತಿದರೆ ಎಂಥ ಗಟ್ಟಿಗನೂ ಅರ್ಧ ದಿನದಲ್ಲಿ ಬಸವಳಿದು ಹೋಗುತ್ತಾನೆ. ಓಆರ್‌ಎಸ್ ಕಲಸಿ ಕುಡಿಸುತ್ತಲೇ ಕೇಳಿದೆ: ಯಾವ ಕಂಪನಿ, ಎಲ್ಲಿಯ ನೀರು, ಯಾವ ಲಂಗರು (ಕ್ಯಾಂಪಿನ ಅಡುಗೆಮನೆ)? ಒಂದೊಂದೇ ಹೆಸರಿನ ಮುಂದೆ ಬರೆದುಕೊಂಡೆ. ಒಂಬತ್ತೂ ಜನ ಒಂದೇ ಕಂಪನಿಯವರು. ಚಾಗಲ್ (ಕ್ಯಾನ್ವಾಸಿನ ನೀರಿನ ಚೀಲ) ತುಂಬಿಸಿಕೊಳ್ಳುತ್ತಿದ್ದದ್ದೂ ಒಂದೇ ಟ್ಯಾಂಕಿನಿಂದ.

ಆ ಟ್ಯಾಂಕಿಗೆ ದಿನಾ ಲೆಕ್ಕದ ಪ್ರಕಾರವೇ ಬ್ಲೀಚಿಂಗ್ ಪೌಡರ್ ಹಾಕುತ್ತಿದ್ದರು. ಆದರೂ ನಲ್ಲಿಗೆ ಬೀಗ ಹಾಕಿಸಿ, ನೀರಿಗೆ ಎಷ್ಟು ಪೌಡರ್ ಬೇಕು ಅಂತ ಪರೀಕ್ಷಿಸುವ ಹಾರಕ್ಸ್ ಪೆಟ್ಟಿಗೆ ತೆಗೆದೆ. ಕಪ್ಪು ಬಟ್ಟಲಲ್ಲಿ ಒಂದು ಚಮಚ, ಅಂದರೆ 2 ಗ್ರಾಂ ಪೌಡರ್ ಕಲಸಬೇಕು. ಆರು ಬಿಳಿ ಬಟ್ಟಲಲ್ಲಿ ನೀರು ತುಂಬಿ, ಆ ದ್ರಾವಣವನ್ನು ಮೊದಲನೆಯದಕ್ಕೆ ಒಂದು ಹನಿ, ಎರಡನೆಯದಕ್ಕೆ ಎರಡು, ಹೀಗೆ ಆರರವರೆಗೆ ಹಾಕಬೇಕು. ಅರ್ಧ ಗಂಟೆ ಕಾದು ಸೂಚಕ ದ್ರಾವಣ ಬಿಟ್ಟರೆ, ಕ್ಲೋರಿನ್ ಉಳಿದಿರುವ ಬಟ್ಟಲು ನೀಲಿಯಾಗುತ್ತದೆ. ಮೊದಲು ನೀಲಿಯಾದದ್ದು ಎಷ್ಟನೆಯದೋ, 455 ಲೀಟರ್ ನೀರಿಗೆ ಅಷ್ಟು ಚಮಚ ಪೌಡರ್.

ನಮ್ಮ ಆರನೇ ಬಟ್ಟಲೂ ಬೆಳ್ಳಗೇ ಉಳಿಯಿತು.

ಸೀಲ್ ಒಡೆಯದ ಡಬ್ಬ ತರಿಸಿ, ಅದೇ ನೀರಿಗೆ ಮತ್ತೆ ಮಾಡಿದೆ. ಮೂರನೆಯದೇ ನೀಲಿಯಾಯ್ತು. ಹಳೇ ಡಬ್ಬದ ಮುಚ್ಚಳ ಸಡಿಲವಾಗಿತ್ತು, ಬಿಸಿಲಿಗೆ ಪೌಡರ್ ಸತ್ತುಹೋಗಿತ್ತು. ಇಷ್ಟು ದಿನ ನೀರಿಗೆ ಸುಮ್ನೆ ಸುಣ್ಣ ಬೆರೆಸಿದ ಹಾಗೆ ಆಗಿತ್ತು. ಟ್ಯಾಂಕ್ ಖಾಲಿ ಮಾಡಿಸಿ, ತಿಕ್ಕಿಸಿ, ಹೊಸ ಪೌಡರ್ ಹಾಕಿಸಿದೆವು.

ಆದರೂ ಮೂರನೇ ದಿನ ಹೊಸಬರು ಬಂದರು. ನೀರು ಸರಿಯಾದ ಮೇಲೂ ಬರ್ತಿದೆ ಅಂದ್ರೆ ಲಂಗರಿನ ಕಡೆ ನೋಡಲೇಬೇಕು ಅಲ್ವಾ? ರೋಟಿ ತಟ್ಟುತ್ತಿದ್ದ ಬೆಳಗಾವಿ ಕಡೆಯ ಹುಡುಗನ ತುಟಿ ಒಣಗಿತ್ತು, ಕಣ್ಣು ಗುಳಿಬಿದ್ದಿದ್ದವು. ಪಕ್ಕಕ್ಕೆ ಕರೆದು ಕನ್ನಡದಲ್ಲೇ ಕೇಳಿದೆ.

"ನಾಕ್ ದಿನಾ ಆತ್ರೀ ಅಣ್ಣಾರ. ಹೇಳಿದ್ರ ರಜಾ ತಪ್ಪತೈತಿ ಅಂತ ಸುಮ್ಮನಿದ್ದೆ," ಅಂದ.

ಅವನಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಆ ವರ್ಷ ರಜೆ ಅಂದರೆ ಎಷ್ಟು ದೊಡ್ಡದು ಅಂತ ಅಲ್ಲಿದ್ದವರಿಗೇ ಗೊತ್ತು. ಅವನನ್ನು ಲಂಗರಿನಿಂದ ಬಿಡಿಸಿ ಎಂ.ಐ. ರೂಮಿನಲ್ಲಿ ಮಲಗಿಸಿದೆ. ನಮ್ಮ ಡಾಕ್ಟರ್ ಸಾಹೇಬರು ಕಮಾಂಡಿಂಗ್ ಆಫೀಸರ್ ಹತ್ತಿರ ಹೋಗಿ ಮಾತಾಡಿದರು. ಸಂಜೆ ರೋಲ್‌ಕಾಲ್‌ನಲ್ಲಿ ಘೋಷಣೆಯಾಯ್ತು: ಭೇದಿ ಅಂತ ಹೇಳಿದವರ ರಜೆ ಕಡಿತವಾಗುವುದಿಲ್ಲ.

ಮರುದಿನ ಬೆಳಕು ಹರಿಯುವ ಮುಂಚೆ ಇಬ್ಬರು ಟೆಂಟ್ ಬಾಗಿಲಲ್ಲಿ ನಿಂತಿದ್ದರು. ಅದರಲ್ಲಿ ಒಬ್ಬ ಈರುಳ್ಳಿ ಹೆಚ್ಚುವವನು. ಲಂಗರಿನ ಬಾಗಿಲಲ್ಲಿ ಸೋಪು, ನೀರು ಇಟ್ಟು, ಕೈ ತೊಳೆಯದೆ ಯಾರನ್ನೂ ಬಿಡಬಾರದು ಅಂತ ಒಬ್ಬ ಹವಾಲ್ದಾರರನ್ನೇ ನಿಲ್ಲಿಸಿದೆವು. ನೊಣ ಬಾರದಂತೆ ಶೌಚದ ಗುಂಡಿಗಳಿಗೆ ಮುಚ್ಚಳ ಮಾಡಿಸಿದೆವು. ವಾರದೊಳಗೆ ಹೊಸ ಹೆಸರು ಬರೆಯುವುದು ನಿಂತಿತು.

ಆಮೇಲೆ ನಾನು ಹೋದ ಪ್ರತಿ ಕ್ಯಾಂಪಿನಲ್ಲೂ ಬ್ಲೀಚಿಂಗ್ ಡಬ್ಬ ಒಡೆದ ತಾರೀಖನ್ನು ಅದರ ಮೇಲೇ ಬಣ್ಣದಲ್ಲಿ ಬರೆಸಿದ್ದೇನೆ. ಲಂಗರಿನ ಹುಡುಗರನ್ನು ದಿನಾ ಬೆಳಗ್ಗೆ ನಾನೇ ಹೋಗಿ ಮಾತಾಡಿಸುತ್ತಿದ್ದೆ. ಮೊದಲು ಊರಿನ ಸುದ್ದಿ, ಆಮೇಲೆ ಹೊಟ್ಟೆಯದು.